ಚೆನ್ನೆಮಣೆಯಲ್ಲಿ ಅಳೆದ ಇಂಗ್ಲಿಷ್ ಕಥೆಗಳು

೧೯೬೪, ಫೆಬ್ರವರಿ ೨, ಭಾನುವಾರ. ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಸಿದ್ಧಕಟ್ಟೆ, ಚಿಕ್ಕಮ್ಮನ ಮನೆಯ ಜಗಲಿ.

ಇಂಗ್ಲಿಷ್ ನಿಘಂಟಿನ ಬೆನ್ನು ಕಿತ್ತುಬರುತ್ತಿದೆಯೆಂದು ಅಂಟು ಹಚ್ಚಲು ಕೂತಿದ್ದೆ. ಪುಟಗಳ ನಡುವಿನಿಂದ ಒಂದು ಕೆಂಪು ಮಂಜೊಟ್ಟಿ ಕಾಳು ಉರುಳಿ ಬಿತ್ತು. ಚಿಕ್ಕಮ್ಮನ ಚೆನ್ನೆಮಣೆಯ, ಎಂದರೆ ಅಳಗುಳಿಮಣೆಯ, ಕಾಳು ಅದು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕರಂತೆ ಐವತ್ತಾರು ಕಾಳು ಇರಬೇಕಾದ ಆ ಮಣೆಯಲ್ಲಿ ಕಳೆದ ಮಳೆಗಾಲದ ಆಟಿ ತಿಂಗಳಿಂದ ಐವತ್ತೈದೇ ಇವೆ. ಆರು ತಿಂಗಳಿಂದ ಚಿಕ್ಕಮ್ಮ ಪಕ್ಕದ ಮನೆಯ ಕೋಳಿಯನ್ನು ಸಂಶಯಿಸುತ್ತಿದ್ದರು. ಕೋಳಿಯ ಪರವಾಗಿ ನಾನು ಈಗ ಹೋಗಿ ತಪ್ಪೊಪ್ಪಿಕೊಂಡೆ. ಅವರು ಕಾಳನ್ನು ತಿರುಗಿಸಿ ನೋಡಿ, ನನ್ನನ್ನೂ ನೋಡಿ, "ಬರುವ ಆಟಿಯವರೆಗೆ ನೀನೇ ಇಟ್ಟುಕೋ ಮಗಳೇ. ಈಗ ಮಣೆ ಇಳಿಸಲಿಕ್ಕಿಲ್ಲ" ಎಂದರು. ಆಟಿ ಕಳೆದ ಮೇಲೆ ಚೆನ್ನೆಮಣೆಯನ್ನು ಅಟ್ಟಕ್ಕೆ ಏರಿಸಿದರೆ ಮತ್ತೆ ಮುಂದಿನ ಮಳೆಗಾಲಕ್ಕೇ ಕೆಳಗೆ ಇಳಿಸುವುದು. ನಮ್ಮ ಮನೆಯ ಮಾತೆಲ್ಲ ತುಳು. ಈ ಪತ್ರಿಕೆಗಾಗಿ ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಚೆನ್ನೆಮಣೆಯ ಕಾಳು ಇಂಗ್ಲಿಷ್ ನಿಘಂಟಿನೊಳಗೆ ಹೇಗೆ ಸೇರಿತು ಎಂಬುದನ್ನು ಹೇಳಬೇಕಾದರೆ ಮೊದಲು ನನ್ನ ಒಂದು ಕೆಟ್ಟ ಚಟವನ್ನು ಹೇಳಬೇಕು. ನಾನು ಎಣಿಸುತ್ತೇನೆ. ಹನ್ನೊಂದನೇ ವಯಸ್ಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಈಗ ಇಪ್ಪತ್ತಮೂರು. ಹನ್ನೆರಡು ವರ್ಷಗಳ ಈ ದಿನಚರಿಗಳಲ್ಲಿ ಮನಸ್ಸಿನ ಮಾತು ಹುಡುಕಿದರೆ ಸಿಗುವುದು ಕಡಿಮೆ. ಸಿಗುವುದೆಲ್ಲ ಪಟ್ಟಿ. ಹೆಚ್ಚಿನ ವಾರಗಳಲ್ಲಿ ಗುರುವಾಯನಕೆರೆಯ ನಮ್ಮ ಮನೆಗೆ ಹೋಗುವಾಗ, ಸೀಟು ಸಿಗಲೆಂದು ಬಿ.ಸಿ.ರೋಡಿನವರೆಗೆ ಹಿಂದಕ್ಕೆ ಹೋಗಿ ಬಸ್ಸು ಹಿಡಿಯುತ್ತೇನೆ. ಕಳೆದ ವರ್ಷ ಅಲ್ಲಿ ಬಸ್ಸು ಕಾದದ್ದು ಒಟ್ಟು ಐವತ್ತೆರಡು ಗಂಟೆ. ಈ ಲೆಕ್ಕ ಇಟ್ಟದ್ದರಿಂದ ಬಸ್ಸೇನೂ ಬೇಗ ಬಂದದ್ದಿಲ್ಲ. ಆದರೆ ಕಾಯುವಾಗ ಕೈಗೆ ಒಂದು ಕೆಲಸವಾಯಿತು.

ಕಳೆದ ಜೂನಿನಲ್ಲಿ ಚಿಕ್ಕಮ್ಮನ ಮನೆಯಲ್ಲಿ ಉಳಿದುಕೊಂಡು, ಇಲ್ಲಿಗೆ ಹತ್ತಿರದ ಒಂದು ಹೈಸ್ಕೂಲಿಗೆ ಇಂಗ್ಲಿಷ್ ಟೀಚರಾಗಿ ಸೇರಿದೆ. ಒಂಬತ್ತನೇ ತರಗತಿ, ಮೂವತ್ತನಾಲ್ಕು ಮಕ್ಕಳು. ಮನೆಯಲ್ಲಿ ತುಳು, ಕೆಲವರಿಗೆ ಬ್ಯಾರಿ, ಕೊಂಕಣಿ. ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಎಂದರೆ ಅವರಿಗೆ ಮೂರನೆಯದೋ ನಾಲ್ಕನೆಯದೋ ಭಾಷೆ. ನನಗೂ ಹಾಗೆಯೇ ಇತ್ತು. ನಾನು ಹೈಸ್ಕೂಲು ಮುಗಿಸುವಾಗ ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಬಂದಿತ್ತು. ಆದರೆ ಒಂದೇ ಒಂದು ಇಂಗ್ಲಿಷ್ ಪುಸ್ತಕವನ್ನು ಸ್ವಂತ ಇಷ್ಟಕ್ಕೆ ಓದಿರಲಿಲ್ಲ. ಅಂಥದೊಂದನ್ನು ಮೊದಲಿಗೆ ಕೊನೆಯ ಪುಟದವರೆಗೆ ಓದಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ಇಂಗ್ಲಿಷ್ ಎಂಬುದು ಉತ್ತರ ಪತ್ರಿಕೆಯಲ್ಲಿ ಹುಟ್ಟಿ ಉತ್ತರ ಪತ್ರಿಕೆಯಲ್ಲೇ ಸಾಯುವ ಭಾಷೆಯೆಂದು ನಂಬಿದ್ದೆ. ಈ ಮೂವತ್ತನಾಲ್ಕು ಮಂದಿಗೆ ಹಾಗಾಗಬಾರದೆಂದು ನನಗೆ ಹಟ ಹಿಡಿಯಿತು.

ಹೆಡ್‌ಮಾಸ್ಟರ ಬಳಿಗೆ ಹೋಗಿ, ಶನಿವಾರದ ಕೊನೆಯ ಪೀರಿಯಡನ್ನು ಕಥೆಪುಸ್ತಕ ಓದಲು ಬಿಟ್ಟುಕೊಡಿ ಎಂದು ಕೇಳಿದೆ. ಅದು ಅವರದೇ ಪೀರಿಯಡ್. ಅವರು ಅದರಲ್ಲಿ ಕನ್ನಡದಿಂದ ಇಂಗ್ಲಿಷಿಗೆ ಅನುವಾದ ಮಾಡಿಸುತ್ತಿದ್ದರು. ಬಂಟ್ವಾಳದವರು, ಬಿಳಿ ಪಂಚೆ, ಬಿಳಿ ಅಂಗಿ, ಶಾಲೆಯ ಗೇಟಿನೊಳಗೆ ತುಳು ಮಾತಾಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವವರು. ಯಾವ ಕಥೆ ಎಂದು ಕೇಳಿದರು. ನನ್ನ ಹತ್ತಿರ ಪಟ್ಟಿ ತಯಾರಿತ್ತು. ಯಾವ ಬಗೆಯ ಕಥೆ ಬೇಕೆಂದು ಮಕ್ಕಳಿಂದ ಚೀಟಿ ಬರೆಸಿಕೊಂಡಿದ್ದೆ. ರಾಕ್ಷಸ, ಮಾಯೆ, ಬೇರೆ ಲೋಕ ಎಂದವರು ಇಪ್ಪತ್ತೊಂದು. ಕಳ್ಳರನ್ನು ಹಿಡಿಯುವ ಕಥೆ ಆರು. ಬೇಟೆ ನಾಲ್ಕು. "ಟೀಚರಿಗೆ ಇಷ್ಟವಾದದ್ದು" ಎಂದು ಬರೆದ ಜಾಣರು ಇಬ್ಬರು. ಖಾಲಿ ಚೀಟಿ ಒಂದು.

"ಇಷ್ಟು ದೊಡ್ಡ ಮಕ್ಕಳಿಗೆ ರಾಕ್ಷಸನ ಕಥೆಯಾ ಟೀಚರೇ? ನಾಚಿಕೆ ಆಗುದಿಲ್ವಾ ಅವರಿಗೆ?"

ಇಪ್ಪತ್ತೊಂದು ಮಂದಿಗೆ ಆಗುವುದಿಲ್ಲ ಎಂದು ಪಟ್ಟಿ ತೋರಿಸಿದೆ. ಅವರು ಕನ್ನಡಕ ಏರಿಸಿ ಅದನ್ನು ಓದಿದರು. ಕೊನೆಗೆ ಒಂದು ಷರತ್ತು ಹಾಕಿದರು. ಕ್ರಿಸ್ಮಸ್ ರಜೆಗೆ ಮುಂಚೆ ತಾವೇ ತರಗತಿಗೆ ಬಂದು, ತಮಗೆ ಕಂಡ ಒಬ್ಬರನ್ನು ಎಬ್ಬಿಸಿ, ಓದಿದ ಪುಸ್ತಕದ ಕಥೆ ಕೇಳುತ್ತಾರೆ. ಹೇಳಿದರೆ ಪೀರಿಯಡ್ ನನಗೆ. ಹೇಳದಿದ್ದರೆ ಅನುವಾದಕ್ಕೆ ವಾಪಸ್. ನಾನು ಒಪ್ಪಿದೆ. ಹೊರಗೆ ಬಂದ ಮೇಲೆ, ನಮ್ಮ ಕಪಾಟಿನಲ್ಲಿ ಮಕ್ಕಳು ಓದುವಂಥ ಇಂಗ್ಲಿಷ್ ಕಥೆಪುಸ್ತಕ ಒಂದೂ ಇಲ್ಲ ಎಂದು ನೆನಪಾಯಿತು.

ಪುಸ್ತಕ ಇದ್ದದ್ದು ಮೂಡುಬಿದಿರೆಯಲ್ಲಿ, ಬಸದಿಯ ಬೀದಿಯ ಒಂದು ಮನೆಯ ಮಾಳಿಗೆಯಲ್ಲಿ, ಎರಡು ಕಬ್ಬಿಣದ ಟ್ರಂಕುಗಳಲ್ಲಿ. ಆ ಮನೆಯ ಯಜಮಾನರನ್ನು ಎಲ್ಲರೂ ಇಂದ್ರರು ಎನ್ನುತ್ತಾರೆ. ಮುಂಬಯಿಯ ಒಂದು ಲೈಬ್ರರಿಯಲ್ಲಿ ಮೂವತ್ತು ವರ್ಷ ಪುಸ್ತಕಗಳಿಗೆ ಬೈಂಡು ಹಾಕಿ, ವಯಸ್ಸಾದ ಮೇಲೆ ಊರಿಗೆ ಬಂದವರು. ಅಲ್ಲಿಂದ ಬರುವಾಗ ಲೈಬ್ರರಿಯವರು ಬೇಡವೆಂದು ತೆಗೆದ ಮಕ್ಕಳ ಪುಸ್ತಕಗಳನ್ನು ಕಟ್ಟಿ ತಂದಿದ್ದರು. ಶಾಲೆಗಾದರೆ ಆರು ಪುಸ್ತಕ ಕೊಡುತ್ತೇನೆ, ಬಂದು ಆರಿಸಿಕೊಳ್ಳಿ ಎಂದು ಹೇಳಿ ಕಳಿಸಿದರು. ಜುಲೈ ೨೮, ಭಾನುವಾರ ಹೋದೆ. ಬಸ್ಸಿನ ಟರ್ಪಾಲಿನ ಪರದೆ ಒಂದು ಕಡೆ ಹರಿದು, ನನ್ನ ಬಲತೋಳು ಪೂರ್ತಿ ಒದ್ದೆಯಾಗಿತ್ತು ಎಂದು ದಿನಚರಿ ಹೇಳುತ್ತದೆ.

ಮಾಳಿಗೆಯಲ್ಲಿ ಕೂತು ಪುಸ್ತಕ ತೆರೆದಾಗ ಕಷ್ಟ ಅರ್ಥವಾಯಿತು. ಇಂಗ್ಲಿಷ್ ಸುಲಭವಾಗಿರುವ ಪುಸ್ತಕಗಳೆಲ್ಲ ಆರು ವರ್ಷದ ಮಕ್ಕಳಿಗಾಗಿ ಬರೆದವು. ಮೊಲಕ್ಕೆ ಟೋಪಿ ಕಳೆದುಹೋಗುತ್ತದೆ, ಮತ್ತೆ ಸಿಗುತ್ತದೆ. ನನ್ನ ತರಗತಿಯ ಹುಡುಗರಿಗೆ ಮೀಸೆ ಮೂಡುತ್ತಿದೆ. ಅವರ ಕೈಗೆ ಈ ಮೊಲವನ್ನು ಕೊಡುವುದು ಹೇಗೆ? ಹದಿನಾಲ್ಕು ಹದಿನೈದು ವರ್ಷದವರಿಗೆ ತಕ್ಕ ಕಥೆಗಳಲ್ಲಿ ಇಂಗ್ಲಿಷ್ ಗಂಟುಗಂಟು. ಕಥೆಗೆ ಹದಿನೈದು ವರ್ಷ ಆಗಿರಬೇಕು, ಭಾಷೆಗೆ ಎಂಟೇ ಆಗಿರಬೇಕು. ಅಂಥ ಮಗು ಆ ಎರಡು ಟ್ರಂಕಿನಲ್ಲಿ ಉಂಟೇ?

ಇಂದ್ರರು ಪುಸ್ತಕಗಳ ಮುಖ ನೋಡುತ್ತಿರಲಿಲ್ಲ. ಬೆನ್ನನ್ನು ಬೆರಳಿನಿಂದ ಸವರುತ್ತಿದ್ದರು. ತೆಳ್ಳಗಿನ, ಹೊಸದರಂತಿದ್ದ ಒಂದನ್ನು ನಾನು ಎತ್ತಿದಾಗ, ಅದಕ್ಕೆ ತಾನು ಸೂಜಿ ತಾಗಿಸಿದ್ದೇ ಇಲ್ಲ ಎಂದರು. ಲಂಡನ್ನಿನ ಒಂದು ಮನೆ, ಮಾತಾಡುವ ಗಡಿಯಾರ, ಅದು ತೋರಿಸುವ ಹಳೆಯ ಕಾಲ. ಭಾಷೆ ಸಲೀಸಾಗಿತ್ತು. ನಾನು ಅದನ್ನು ಮಡಿಲಲ್ಲಿ ಇಟ್ಟುಕೊಂಡೆ. ಅವರು ಇನ್ನೊಂದನ್ನು ತೆಗೆದರು. ರಟ್ಟು ಬೇರೆ, ಬೆನ್ನಿನ ಬಟ್ಟೆ ಬೇರೆ, ಹೆಸರಿದ್ದ ಪುಟವೇ ಇಲ್ಲ.

"ಇದನ್ನು ನಾನು ಮೂರು ಸಲ ಹೊಲಿದಿದ್ದೇನೆ ಟೀಚರಮ್ಮ. ಮೂರು ಸಲವೂ ಮಕ್ಕಳು ಓದಿ ಹರಿದರು."

ಇದಕ್ಕೂ ಒಂದು ಅಳತೆ ಬೇಕಲ್ಲ ಎಂದು ನಾನು ಹೇಳಿದೆ. ಪುಟಕ್ಕೆ ಗೊತ್ತಿಲ್ಲದ ಶಬ್ದ ಎಷ್ಟೆಂದು ಎಣಿಸಿ ನೋಡಿ ಆಮೇಲೆ ತೀರ್ಮಾನ ಮಾಡುತ್ತೇನೆ ಎಂದೆ. ಇಂದ್ರರು ಆ ಪುಸ್ತಕವನ್ನೂ ನನ್ನ ಮಡಿಲಿಗೆ ಹಾಕಿದರು.

"ಹಲಸಿನ ಹಣ್ಣನ್ನು ಮುಳ್ಳು ಎಣಿಸಿ ಆರಿಸುವವರನ್ನು ಇವತ್ತೇ ಕಂಡದ್ದು ನಾನು" ಎಂದರು. ಅವರ ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿಸಿತು. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡು, ಎಣಿಸಲು ಹನ್ನೆರಡು ಪುಸ್ತಕಗಳನ್ನು ಕಟ್ಟಿಸಿಕೊಂಡು ಬಂದೆ. ಆರಿಸಿ ಉಳಿದವನ್ನು ತಿರುಗಿ ಕೊಡುವುದೆಂದು ಮಾತು.

ಎಣಿಕೆಗೆ ಚೆನ್ನೆಮಣೆ ಬಂದದ್ದು ಹೀಗೆ. ಆಗಸ್ಟ್ ೪, ಭಾನುವಾರ. ಪುಣ್ಯಕ್ಕೆ ಆಟಿ ತಿಂಗಳು, ಮಣೆ ಕೆಳಗಿತ್ತು. ಒಂದು ಪುಸ್ತಕದಿಂದ ಹದಿನಾಲ್ಕು ಪುಟ ತೆರೆಯುವುದು, ಪುಟಕ್ಕೊಂದು ಗುಳಿ. ನನ್ನ ಮಕ್ಕಳಿಗೆ ಗೊತ್ತಿರಲಾರದ ಪ್ರತಿ ಶಬ್ದಕ್ಕೆ ಒಂದು ಕಾಳು. ಆಟ ಶುರುವಾಗುವಾಗ ಗುಳಿಗೆ ನಾಲ್ಕೇ ಕಾಳು ತಾನೇ? ಹಾಗಾಗಿ ಪುಟಕ್ಕೆ ಸರಾಸರಿ ನಾಲ್ಕು ಕಷ್ಟದ ಶಬ್ದ, ಅದಕ್ಕಿಂತ ಹೆಚ್ಚಾದರೆ ಪುಸ್ತಕ ಸೋತಿತು. ಐವತ್ತಾರು ಕಾಳು ಮುಗಿಯುವ ಮೊದಲು ಹದಿನಾಲ್ಕು ಗುಳಿ ಮುಗಿದರೆ ಪುಸ್ತಕ ಗೆದ್ದಿತು. ಇಷ್ಟು ಚಂದದ ಅಳತೆಯನ್ನು ನಾನೇ ಕಂಡುಹಿಡಿದೆನಲ್ಲ ಎಂದು ಆ ದಿನ ನನಗೆ ಒಳಗೊಳಗೇ ತುಂಬ ಹೆಮ್ಮೆಯಾಗಿತ್ತು. ಚಿಕ್ಕಮ್ಮ ಮಾತ್ರ ಪಡಸಾಲೆಯಲ್ಲಿ ಹಾದುಹೋಗುವಾಗಲೆಲ್ಲ ನಿಂತು ನೋಡುತ್ತಿದ್ದರು. ನೀರಿಗೆ ಬಂದ ನೆರೆಮನೆಯಾಕೆಗೆ, "ಒಬ್ಬಳೇ ಕೂತು ಚೆನ್ನೆ ಆಡ್ತಾಳೆ. ಎದುರು ಕೂತದ್ದು ಒಂದು ಪುಸ್ತಕ" ಎಂದು ತೋರಿಸಿದರು.

ಲಂಡನ್ನಿನ ಗಡಿಯಾರಕ್ಕೆ ಬಿದ್ದದ್ದು ಹತ್ತೊಂಬತ್ತೇ ಕಾಳು. ಪ್ರಥಮ ದರ್ಜೆ. ಇನ್ನೂ ಐದು ಪುಸ್ತಕಗಳು ಐವತ್ತಾರರ ಒಳಗೆ ಬಂದವು, ಆರು ಸೋತವು. ಇಂದ್ರರ ಮೂರು ಹೊಲಿಗೆಯ ಪುಸ್ತಕವಂತೂ ಒಂಬತ್ತನೇ ಗುಳಿಗೆ ಬರುವಷ್ಟರಲ್ಲಿ ಕಾಳುಗಳನ್ನೆಲ್ಲ ನುಂಗಿಬಿಟ್ಟಿತು. ಅದರಲ್ಲಿ ನಿಘಂಟಿನಲ್ಲೂ ಇಲ್ಲದ ಶಬ್ದಗಳಿದ್ದವು. ಒಂದು ಪ್ರಾಣಿಯ ಹೆಸರನ್ನು ಮೂರು ದಿನ ಹುಡುಕಿದೆ. ಕೈಯಲ್ಲಿ ಕಾಳು ಹಿಡಿದು ಪುಟ ತಿರುಗಿಸುತ್ತಿದ್ದೆನಲ್ಲ, ಐವತ್ತಾರನೆಯ ಕಾಳು ನಿಘಂಟಿನೊಳಗೆ ಉಳಿದದ್ದು ಆಗಲೇ ಇರಬೇಕು. ಆ ಪ್ರಾಣಿಯನ್ನು ಬರೆದವರೇ ಸೃಷ್ಟಿಸಿದ್ದು, ಅದರ ಹೆಸರು ಯಾವ ಇಂಗ್ಲಿಷಿನವರಿಗೂ ಗೊತ್ತಿರುವ ಸಂಭವವಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ.

ಆದರೂ ಇಂದ್ರರಿಗೆ ಬೇಸರವಾಗಬಾರದೆಂದು ಅದನ್ನೂ ಬಸ್ಸಿನಲ್ಲಿ ಒಮ್ಮೆ ಪೂರ್ತಿ ಓದಿದೆ. ಓದಿದೆ ಎಂದರೆ, ಪೆನ್ಸಿಲಿನಲ್ಲಿ ಕಷ್ಟದ ಶಬ್ದಗಳಿಗೆ ಗೆರೆ ಎಳೆಯುತ್ತಾ ಕೊನೆ ಮುಟ್ಟಿದೆ. ದೋಣಿಗಾರನ ಮಗಳೊಬ್ಬಳ ಕಥೆ. ಒಬ್ಬ ದೈತ್ಯ ಊರೂರಿನ ಪ್ರತಿಧ್ವನಿಗಳನ್ನು ಕದ್ದು ಜಾಡಿಗಳಲ್ಲಿ ತುಂಬಿಟ್ಟುಕೊಳ್ಳುತ್ತಾನೆ. ಪ್ರತಿಧ್ವನಿ ಹೋದ ಮೇಲೆ ನದಿಯ ಆಚೆ ದಡದಿಂದ ಕರೆದವರ ಕೂಗು ಈಚೆಗೆ ಮುಟ್ಟುವುದಿಲ್ಲ, ದೋಣಿ ನಿಲ್ಲುತ್ತದೆ. ಹುಡುಗಿ ತನ್ನ ಊರಿನ ಪ್ರತಿಧ್ವನಿಯನ್ನು ಮರಳಿ ತರಲು ಹೊರಡುತ್ತಾಳೆ. ಅಷ್ಟು ನನಗೆ ನೆನಪಿತ್ತು. ಆಯ್ಕೆಯಾದ ಆರಕ್ಕೆ ನಂಬರು ಹಾಕಿ ರಿಜಿಸ್ಟರಿನಲ್ಲಿ ಬರೆದೆ. ಮೂರು ಹೊಲಿಗೆಯದನ್ನು ಸೋತ ಉಳಿದ ಐದರ ಜೊತೆ ಶಾಲೆಯ ಕಪಾಟಿನ ಕೆಳಗಿನ ಅಂತಸ್ತಿನಲ್ಲಿ, ಇಂದ್ರರಿಗೆ ತಿರುಗಿ ಕೊಡುವ ಕಟ್ಟಿನಲ್ಲಿ ಇಟ್ಟೆ.

ಆಗಸ್ಟ್ ೧೭ರ ಶನಿವಾರ ಓದುವ ಪೀರಿಯಡ್ ಶುರುವಾಯಿತು. ಮಕ್ಕಳು ಗಡಿಯಾರದ ಪುಸ್ತಕಕ್ಕೆ ಮುಗಿಬಿದ್ದರು, ಮೂರನೇ ಪುಟದಲ್ಲಿ ನಿಂತರು. ಗಡಿಯಾರ ಅಗ್ಗಿಷ್ಟಿಕೆಯ ಮೇಲಿನ ಹಲಗೆಯಲ್ಲಿತ್ತು. ಶಬ್ದದ ಅರ್ಥ ಹೇಳಿದ್ದೆ, ಅವರು ಬರೆದುಕೊಂಡೂ ಇದ್ದರು.

"ಟೀಚರ್, ಒಲೆಯ ಮೇಲೆ ಯಾರಾದ್ರೂ ಗಡಿಯಾರ ಇಡ್ತಾರಾ? ಮಸಿ ಹಿಡಿಯುದಿಲ್ವಾ?"

ನಮ್ಮ ಅಡುಗೆಮನೆಗಳಲ್ಲಿ ಒಲೆಯ ಮೇಲೆ ಒಣಮೀನೋ ಪುನರ್ಪುಳಿಯ ಸಿಪ್ಪೆಯೋ ತೂಗುತ್ತಿರುತ್ತದೆ. ಪಡಸಾಲೆಯಲ್ಲಿ ಒಲೆ ಏಕೆ, ಕೂತಲ್ಲೇ ಬೆಂಕಿ ಏಕೆ, ಚಹಾಕ್ಕೆ ಕರೆದವರು ಸೌತೆಕಾಯಿಯ ಬ್ರೆಡ್ಡು ಏಕೆ ಕೊಡುತ್ತಾರೆ ಎಂದು ವಿವರಿಸುವುದರಲ್ಲಿ ಎರಡು ಶನಿವಾರ ಕಳೆದವು. ಮಾತಾಡುವ ಗಡಿಯಾರದ ಬಗ್ಗೆ ಮಾತ್ರ ಯಾರೂ ಏನೂ ಕೇಳಲಿಲ್ಲ. ಗಡಿಯಾರ ಮಾತಾಡಿದ್ದು ಅವರಿಗೆ ಸಹಜವಾಗಿತ್ತು, ಅದು ಕೂತ ಜಾಗ ವಿಚಿತ್ರವಾಗಿತ್ತು. ಈ ವಿಷಯವನ್ನು ನಾನು ದಿನಚರಿಯಲ್ಲಿ ಬರೆದುಕೊಂಡೆ, ಯೋಚಿಸಲಿಲ್ಲ.

ನವೆಂಬರ್ ಕೊನೆಗೆ ರಿಜಿಸ್ಟರು ನೋಡಿದೆ. ಆರು ಪುಸ್ತಕಗಳನ್ನು ಒಟ್ಟು ತೆಗೆದುಕೊಂಡದ್ದು ನಲವತ್ತೊಂದು ಸಲ. ಕೊನೆಯ ಪುಟದವರೆಗೆ ಓದಿದ್ದು ಮೂರು ಸಲ. ಆ ಮೂರರಲ್ಲಿ ಒಬ್ಬಳು ನಾನು. ಹೆಡ್‌ಮಾಸ್ಟರು ಬರುವುದಕ್ಕೆ ಎರಡು ವಾರ ಇತ್ತು. ಇಂದ್ರರ ಕಟ್ಟನ್ನಾದರೂ ತಿರುಗಿ ಕೊಟ್ಟು ಬರುವ ಎಂದು ಕಪಾಟು ತೆರೆದರೆ ಆರು ಇರಬೇಕಾದಲ್ಲಿ ಐದು ಪುಸ್ತಕ. ಮೂರು ಹೊಲಿಗೆಯದ್ದು ಇರಲಿಲ್ಲ. ತರಗತಿಯಲ್ಲಿ ಕೇಳಿದೆ. ಅದು ವನಜಾಕ್ಷಿಯ ಹತ್ತಿರ ಉಂಟು ಎಂದು ಕೊನೆಗೆ ಒಬ್ಬ ಹೇಳಿದ. ಅದಕ್ಕೂ ಮೊದಲು ತನ್ನ ಹತ್ತಿರ ಇತ್ತು, ಆದರೆ ಅವಳು ಮುಗಿಸದೆ ಕೊಡುವುದಿಲ್ಲ ಎನ್ನುತ್ತಾಳೆ ಎಂದು ದೂರಿದ. ಅವಳ ನಂತರ ಇನ್ನೂ ಏಳು ಮಂದಿಯ ಸಾಲಿತ್ತಂತೆ. ರಿಜಿಸ್ಟರಿನಲ್ಲಿ ಇಲ್ಲದ ಪುಸ್ತಕಕ್ಕೆ ಅವರದೇ ರಿಜಿಸ್ಟರು.

ವನಜಾಕ್ಷಿ ಮೂರನೇ ಬೆಂಚಿನವಳು, ಗೋಡೆಯ ಪಕ್ಕ. ಹಾಜರಿ ಕೂಗುವಾಗ "ಎಸ್ ಟೀಚರ್" ಎನ್ನುವುದನ್ನು ಬಿಟ್ಟರೆ ಜೂನಿನಿಂದ ನನ್ನ ತರಗತಿಯಲ್ಲಿ ಅವಳು ಬಾಯಿ ತೆರೆದದ್ದಕ್ಕೆ ನನ್ನಲ್ಲಿ ಲೆಕ್ಕವಿಲ್ಲ, ಏಕೆಂದರೆ ತೆರೆದದ್ದೇ ಇಲ್ಲ. ಅಷ್ಟು ಕಷ್ಟದ ಪುಸ್ತಕ ನಿನಗೆ ಅರ್ಥವಾಗುತ್ತದೆಯೇ ಎಂದು ಕೇಳಿದೆ. ತಲೆ ತಗ್ಗಿಸಿ, ಸ್ವಲ್ಪ ಆಗ್ತದೆ ಎಂದಳು. ನನಗೆ ನಂಬಿಕೆ ಬರಲಿಲ್ಲ. ಚಿತ್ರ ನೋಡುತ್ತಿರಬೇಕು ಎಂದುಕೊಂಡೆ. ಅದರಲ್ಲಿ ಚಿತ್ರಗಳಿರಲಿಲ್ಲ.

ಇಲ್ಲಿ ನನಗೇ ನಾನು ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕಿತ್ತು. ನೆನಪಾದದ್ದು ತಡವಾಗಿ. ನನಗೆ ಆರು ವರ್ಷ, ಇನ್ನೂ ಶಾಲೆಗೆ ಸೇರಿರಲಿಲ್ಲ, ತುಳು ಬಿಟ್ಟರೆ ಯಾವ ಮಾತೂ ಬಾರದು. ಗುರುವಾಯನಕೆರೆಯಲ್ಲಿ ಮಳೆಗಾಲದ ಭಾನುವಾರ ಮಧ್ಯಾಹ್ನ ಒಬ್ಬರ ಮನೆಯಲ್ಲಿ ತಾಳಮದ್ದಲೆ ನಡೆಯುತ್ತಿತ್ತು. ಯಕ್ಷಗಾನದ ಕಥೆಯೇ, ಆದರೆ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಚಾಪೆಯ ಮೇಲೆ ಎದುರುಬದುರು ಕೂತು ವಾದ ಮಾಡುತ್ತಿದ್ದರು, ಅದೂ ಈಗ ಕೇಳಿದರೂ ಬೆವರುವಂಥ ಕನ್ನಡದಲ್ಲಿ. ಅಜ್ಜಿ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಅಜ್ಜಿಗೂ ಕನ್ನಡ ಓದಲು ಬಾರದು, ಆಡಲು ಬಾರದು. ಆದರೆ ಮನೆಗೆ ಬಂದ ಮೇಲೆ ಅಕ್ಕಿ ಆರಿಸುತ್ತಾ, ಯಾವ ದೊರೆ ಏನು ಹೇಳಿದ, ರಾಕ್ಷಸ ಅದಕ್ಕೆ ಏನು ಉತ್ತರ ಕೊಟ್ಟ, ಎಲ್ಲವನ್ನೂ ತುಳುವಿನಲ್ಲಿ ಹೇಳುತ್ತಿದ್ದರು. ಅವರು ಹೇಳಿದ್ದು ತಪ್ಪೆಂದು ಯಾರೂ ಹೇಳಿದ್ದಿಲ್ಲ. ಧ್ವನಿಯಲ್ಲಿ ಒಂದು ಸಿಟ್ಟು ಬರುತ್ತಿತ್ತು, ಅದಕ್ಕೊಂದು ಕಾರಣ ಇರಬೇಕಿತ್ತು. ಒಬ್ಬ ಮೌನವಾಗುತ್ತಿದ್ದ, ಅವನು ಸೋತಿರಬೇಕಿತ್ತು. ನಾನು ಕನ್ನಡ ಕಲಿತದ್ದು ಅಲ್ಲಿ. ಕಲಿಯುವಾಗ ಪುಟಕ್ಕೆ ನಾಲ್ಕಲ್ಲ, ನೂರಕ್ಕೆ ತೊಂಬತ್ತು ಶಬ್ದ ನನಗೆ ಗೊತ್ತಿರಲಿಲ್ಲ.

ಡಿಸೆಂಬರ್ ೧೪, ಶನಿವಾರ, ಕೊನೆಯ ಪೀರಿಯಡ್. ಹೆಡ್‌ಮಾಸ್ಟರು ಬಂದು ನನ್ನ ಕುರ್ಚಿಯಲ್ಲಿ ಕೂತರು. ನಾನು ಕಿಟಕಿಯ ಹತ್ತಿರ ನೋಟ್‌ಬುಕ್ಕು ಹಿಡಿದು ನಿಂತೆ. ಯಾರು ಹೇಳುತ್ತೀರಿ ಎಂದು ಕೇಳಿದರು. ಯಾರೂ ಏಳಲಿಲ್ಲ. ಅವರ ಕಣ್ಣು ಬೆಂಚುಗಳ ಮೇಲೆ ಓಡಿ ಗೋಡೆಯ ಪಕ್ಕ ನಿಂತಿತು. ಅಷ್ಟು ಮಂದಿಯಲ್ಲಿ ಅವರು ಎಬ್ಬಿಸಿದ್ದು ವನಜಾಕ್ಷಿಯನ್ನು. ಆ ಕ್ಷಣದಲ್ಲೇ ನನ್ನ ಮನಸ್ಸು ಪೀರಿಯಡನ್ನು ಅನುವಾದಕ್ಕೆ ಬಿಟ್ಟುಕೊಟ್ಟಿತು.

ಅವಳು ಕನ್ನಡದಲ್ಲಿ ಶುರುಮಾಡಿದಳು. ಒಂದು ಊರು ಇತ್ತು, ಒಂದು ಹೊಳೆ ಇತ್ತು. ನಾಲ್ಕು ವಾಕ್ಯಗಳಾದ ಮೇಲೆ ನಿಂತಳು. ದೋಣಿಗಾರನ ಮಗಳು ಆಚೆ ದಡದಲ್ಲಿ ನಿಂತು ಅಪ್ಪನನ್ನು ಕರೆಯುವಲ್ಲಿಗೆ ಬಂದಾಗ, ಆ ಕೂಗು ಅವಳ ಬಾಯಿಂದ ತುಳುವಿನಲ್ಲಿ ಬಂತು. ಹೆಡ್‌ಮಾಸ್ಟರ ಕೈ ಮೇಲಕ್ಕೆ ಎದ್ದಿತು. ಅವಳು ಅದನ್ನು ನೋಡಲಿಲ್ಲ, ಅವಳ ಕಣ್ಣು ಹೊಳೆಯ ಮೇಲಿತ್ತು. ಕೈ ಸ್ವಲ್ಪ ಹೊತ್ತು ಗಾಳಿಯಲ್ಲಿದ್ದು, ಮೇಜಿನ ಮೇಲೆ ಇಳಿಯಿತು. ಆಮೇಲೆ ಕಥೆ ಪೂರ್ತಿ ತುಳುವಿನಲ್ಲೇ ಸಾಗಿತು. ಮೂರು ಕುತ್ತಿಗೆಯ ಹಕ್ಕಿ ತನ್ನೊಳಗೇ ಜಗಳಾಡಿತು. ಮಕ್ಕಳು ನಕ್ಕರು. ಅದರ ಹೆಸರನ್ನು ಅವಳು ಸಲೀಸಾಗಿ ಹೇಳಿದಳು. ನಾನು ಮೂರು ದಿನ ನಿಘಂಟಿನಲ್ಲಿ ಹುಡುಕಿದ್ದೆನಲ್ಲ, ಅದೇ ಹೆಸರು.

ನಾನು ನೋಟ್‌ಬುಕ್ಕಿನಲ್ಲಿ ಗುರುತು ಹಾಕುತ್ತಿದ್ದೆ. ಪುಸ್ತಕದಲ್ಲಿ ಇದ್ದದ್ದಕ್ಕೆ ಸರಿ, ಇಲ್ಲದ್ದಕ್ಕೆ ತಪ್ಪು. ಹದಿನೇಳು ಸರಿ ಆಗಿತ್ತು. ಆಗ ಅವಳು, ದೈತ್ಯನಿಗೆ ಕಿವಿ ಕೇಳುವುದಿಲ್ಲ, ಅದಕ್ಕೇ ಅವನು ಪ್ರತಿಧ್ವನಿ ಕದಿಯುವುದು ಎಂದಳು. ನಾನು ತಪ್ಪು ಹಾಕಿದೆ. ಹೆಡ್‌ಮಾಸ್ಟರು ನನ್ನ ಕೈಯನ್ನೇ ನೋಡುತ್ತಿದ್ದರು.

"ಟೀಚರೇ, ಪುಸ್ತಕದಲ್ಲಿ ಹಾಗೆ ಉಂಟಾ?"

ಕಿವುಡ ಎಂಬ ಶಬ್ದ ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಇದ್ದಿದ್ದರೆ ನನಗೆ ಸಿಗದೆ ಹೋಗುತ್ತಿರಲಿಲ್ಲ. ಸುಳ್ಳು ಹೇಳಿದರೆ ಪೀರಿಯಡ್ ಉಳಿಯುತ್ತದೆ ಎಂದು ಒಂದು ಗಳಿಗೆ ತೋರಿತು. ಆದರೆ ಲೆಕ್ಕದ ವಿಷಯದಲ್ಲಿ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

"ಇಲ್ಲ ಸರ್" ಎಂದೆ.

"ಹಾಗಾದ್ರೆ ಇವಳು ಓದಿದ್ದಲ್ಲ. ಕಟ್ಟಿ ಹೇಳ್ತಿದ್ದಾಳೆ." ಅವರು ಎದ್ದು ನಿಂತರು.

ವನಜಾಕ್ಷಿ ಕೂರಲಿಲ್ಲ. ಬೆಂಚಿನ ಕೆಳಗಿನಿಂದ ಪುಸ್ತಕ ತೆಗೆದಳು. ಹುಡುಕದೆ ನೇರವಾಗಿ ಒಂದು ಪುಟ ತೆರೆದಳು, ಇಂಗ್ಲಿಷಿನಲ್ಲಿ ಓದಿದಳು. ಜೂನಿನಿಂದ ನಾನು ಕೇಳದ ಧ್ವನಿ ಅದು. ಎಲ್ಲೂ ನಿಲ್ಲಲಿಲ್ಲ. ಪುಟ್ಟ ಪುಟ್ಟ ವಾಕ್ಯಗಳು. ಹುಡುಗಿ ಅವನ ಹಿಂದೆ ನಿಂತು ಮೂರು ಸಲ ಕರೆದಳು. ಅವನು ತಲೆ ತಿರುಗಿಸಲಿಲ್ಲ. ಒಂದು ಜಾಡಿಯನ್ನು ತೆಗೆದು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡ. ಜಾಡಿ ನಡುಗಿತು. ಅವನು ನಕ್ಕ.

ಓದಿ ಮುಗಿಸಿ ಅವಳು ತಲೆ ಎತ್ತಿದಳು.

"ನನ್ನ ಅಜ್ಜನೂ ಹಾಗೆಯೇ ಸರ್. ಕರೆದರೆ ತಿರುಗುದಿಲ್ಲ. ಯಾರಾದ್ರೂ ಬಂದರಾ ಅಂತ ಬಾಗಿಲಿನ ಹಲಗೆಗೆ ಕೈ ಇಟ್ಟು ನೋಡ್ತಾರೆ."

ಹೆಡ್‌ಮಾಸ್ಟರು ಅವಳ ಹತ್ತಿರ ಹೋಗಿ ಪುಸ್ತಕ ತೆಗೆದುಕೊಂಡು ಆ ಪುಟವನ್ನು ತಾವೇ ಓದಿದರು, ಎರಡು ಸಲ. ನಾನೂ ಅವರ ಭುಜದ ಪಕ್ಕದಿಂದ ನೋಡಿದೆ. ಅರವತ್ತೊಂದನೇ ಪುಟ. ಅದು ನನಗೆ ಹೊಸ ಪುಟವಲ್ಲ. ಆಗಸ್ಟ್ ೪ರ ನನ್ನ ದಿನಚರಿಯಲ್ಲಿ ಅದು ಈಗಲೂ ಹೀಗಿದೆ: "ಪುಟ ೬೧, ಕಾಳು ಇಲ್ಲ." ಕಷ್ಟದ ಶಬ್ದ ಒಂದೂ ಇಲ್ಲದ್ದರಿಂದ ನಾನು ಅಲ್ಲಿ ನಿಂತಿರಲಿಲ್ಲ. ಇಡೀ ಕಥೆಯ ಬೀಗದ ಕೈ ಇದ್ದದ್ದು ಆ ಖಾಲಿ ಗುಳಿಯಲ್ಲಿ.

ಹೆಡ್‌ಮಾಸ್ಟರು ಪುಸ್ತಕವನ್ನು ಅವಳ ಕೈಗೆ ಕೊಟ್ಟರು. ವಾಪಸ್ ನನ್ನ ಕುರ್ಚಿಗೆ ಹೋಗಲಿಲ್ಲ, ಎರಡನೇ ಬೆಂಚಿನ ತುದಿಯಲ್ಲಿ ಹುಡುಗರನ್ನು ಒತ್ತರಿಸಿ ಕೂತರು. ಶಾಲೆಯ ಗೇಟಿನೊಳಗೆ ನಾನು ಅವರ ಬಾಯಿಂದ ಮೊದಲ ಬಾರಿ ಕೇಳಿದ ತುಳು ಇದು:

"ಬೊಕ್ಕ ದಾದ ಆಂಡ್?"

ಆಮೇಲೆ ಏನಾಯಿತು ಎಂದು. ಹುಡುಗಿ ದೈತ್ಯನ ಅಂಗೈಯಲ್ಲಿ ಬೆರಳಿನಿಂದ ತನ್ನ ಊರಿನ ಹೆಸರು ಬರೆದಳು ಎನ್ನುವವರೆಗೆ ವನಜಾಕ್ಷಿ ಹೇಳಿದಳು. ಬೆಲ್ಲು ಹೊಡೆಯಿತು. ಯಾರೂ ಪುಸ್ತಕದ ಚೀಲ ಎತ್ತಲಿಲ್ಲ. ಮುಂದೆ ಏನೆಂದು ತನಗೆ ಗೊತ್ತಿಲ್ಲ, ಇನ್ನೂ ಎರಡು ಅಧ್ಯಾಯ ಬಾಕಿ ಉಂಟು ಎಂದು ಅವಳು ಹೇಳಿದಾಗ ಹೆಡ್‌ಮಾಸ್ಟರು ನನ್ನ ಕಡೆ ತಿರುಗಿದರು. ಮುಖದಲ್ಲಿ ನಗು ಇರಲಿಲ್ಲ, ಸಿಟ್ಟೂ ಇರಲಿಲ್ಲ.

"ಟೀಚರೇ, ಮುಂದಿನ ಶನಿವಾರವೂ ಇದೇ ಪೀರಿಯಡ್ ಅಲ್ವಾ?"

ಹೌದು ಸರ್ ಎಂದೆ. ಜನವರಿಯ ಹೊಸ ವೇಳಾಪಟ್ಟಿಯಲ್ಲಿ ಶನಿವಾರದ ಕೊನೆಯ ಚೌಕದಲ್ಲಿ "ಓದು" ಎಂದು ಅವರ ಕೈಬರಹದಲ್ಲೇ ಇದೆ.

ಈಗ ಬಂದಿರುವ ಪೇಚು ಬೇರೆ. ಹತ್ತನೇ ತರಗತಿಗೂ ಇಂಥ ಪೀರಿಯಡ್ ಬೇಕೆಂದು ಹೆಡ್‌ಮಾಸ್ಟರು ಹೇಳಿದ್ದಾರೆ, ಹೊಸದಾಗಿ ಪುಸ್ತಕಗಳನ್ನು ಆರಿಸಿ ಎಂದಿದ್ದಾರೆ. ಹೇಗೆ ಆರಿಸುವುದೆಂದು ನನಗೆ ತಿಳಿಯದು. ಲಂಡನ್ನಿನ ಪಡಸಾಲೆಯಲ್ಲಿ ನಮ್ಮ ಮಕ್ಕಳು ಪರದೇಶಿಗಳು, ಅಲ್ಲಿಯವರು ಮನೆಯವರು. ದೈತ್ಯನ ದೇಶಕ್ಕೆ ಹೋದರೆ ಇಬ್ಬರೂ ಪರದೇಶಿಗಳೇ. ಅಲ್ಲಿ ಏನೇನುಂಟೆಂದು ಪುಸ್ತಕವೇ ಎಲ್ಲರಿಗೂ ಮೊದಲಿನಿಂದ ಹೇಳಿಕೊಡಬೇಕು. ಅಷ್ಟು ಮಾತ್ರ ನನಗೆ ಗೊತ್ತಾಗಿದೆ. ಆದರೆ ಎಲ್ಲ ದೈತ್ಯರೂ ಒಂದೇ ಅಲ್ಲವಲ್ಲ. ನಾನು ಆರಿಸಿದ ಆರರಲ್ಲಿ ದೈತ್ಯರಿರುವ ಕಥೆಗಳು ಎರಡಿದ್ದವು, ಅವನ್ನು ಮಕ್ಕಳಲ್ಲಿ ಯಾರೂ ಕೊನೆಯವರೆಗೆ ಓದಲಿಲ್ಲ. ಏಕೆ? ಮಕ್ಕಳನ್ನು ಕೇಳಿದೆ. ಆ ದೈತ್ಯರಿಗೆ ಏನೂ ಬೇಕಾಗಿರಲಿಲ್ಲ ಟೀಚರ್, ಸುಮ್ಮನೆ ಕೆಟ್ಟವರು ಎಂದರು. ಇದನ್ನು ಅಳೆಯುವ ಮಣೆ ಯಾವುದು?

ಹಾಗಾಗಿ ಈ ಸಲ ನಾನೊಬ್ಬಳೇ ಆರಿಸುವುದಿಲ್ಲ. ನಿನ್ನೆ ವನಜಾಕ್ಷಿಯನ್ನು ಕೂರಿಸಿಕೊಂಡು ಈ ಬರಹದ ಕೊನೆಯಲ್ಲಿ ಏನು ಕೇಳಬೇಕೆಂದು ಇಬ್ಬರೂ ಮಾತಾಡಿದೆವು. ಹದಿನಾಲ್ಕು ಹದಿನೈದು ವರ್ಷದ, ಇಂಗ್ಲಿಷ್ ಮನೆಮಾತಲ್ಲದ ಮಕ್ಕಳು ತಾವಾಗಿ ಕೊನೆಯವರೆಗೆ ಓದಿದ ಮಾಯಾಲೋಕದ ಇಂಗ್ಲಿಷ್ ಕಥೆ ಯಾವುದಾದರೂ ನಿಮಗೆ ಗೊತ್ತಿದ್ದರೆ, ದಯವಿಟ್ಟು ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಿರಿ. ಪುಸ್ತಕದ ಹೆಸರು, ಓದಿದಾಗ ನಿಮಗೆ ಎಷ್ಟು ವಯಸ್ಸು, ಓದುವಾಗ ಯಾರು ಊಟಕ್ಕೆ ಕರೆದರೂ ಏಳದೆ ಕೂತದ್ದು ಯಾವ ಪುಟದಲ್ಲಿ, ಇಷ್ಟು ಬರೆದರೆ ಸಾಕು ಎಂದು ನಾನು ಹೇಳಿದೆ. ವನಜಾಕ್ಷಿ ಇನ್ನೊಂದು ಸಾಲು ಸೇರಿಸಬೇಕೆಂದಳು. ಅವಳು ಹೇಳಿದಂತೆಯೇ ಬರೆಯುತ್ತಿದ್ದೇನೆ.

ಕಥೆಯ ಕೊನೆ ಮಾತ್ರ ಬರೆಯಬೇಡಿ. ಅದನ್ನು ನಾವು ಓದಿ ತಿಳಿದುಕೊಳ್ತೇವೆ.